ಶನಿಯವರೆಗೆ ಒಂದು ನಡಿಗೆ



ಪಾಪಿನಾಯಕನಹಳ್ಳಿಯ ನಮ್ಮ ಶಾಲೆಗೆ ಒಂದು ಜನವರಿಯ ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಹುಡುಗನೊಬ್ಬನ ತಂದೆ ಬಂದರು. "ಹುಡುಗ್ಗ ಸಾಡೇಸಾತಿ ಹತ್ತೈತಿ ಸಾರ್. ಈ ವರ್ಷ ಪರೀಕ್ಷೆಗೆ ಕುಂಡ್ರಿಸೋದು ಬ್ಯಾಡ" ಎಂದರು. ನಾನು ವಾದಕ್ಕಿಳಿಯಲಿಲ್ಲ. "ಬರ್ರಿ ಯಜಮಾನ್ರೇ, ಶನಿ ಎಲ್ಲಿದ್ದಾನೆ ನೋಡಿ ಬರೋಣ" ಎಂದು ಮಕ್ಕಳ ಜೊತೆ ಅವರನ್ನೂ ಹೊರಡಿಸಿದೆ.

ನಮ್ಮ ಅಳತೆ ಹೀಗಿತ್ತು: ಹತ್ತು ಲಕ್ಷ ಕಿ.ಮೀ.ಗೆ ಒಂದು ಮೀಟರ್. ಗೇಟಿಗೆ ಒರಗಿಸಿದ ಎತ್ತಿನ ಬಂಡಿಯ ಗಾಲಿಯೇ ಸೂರ್ಯ. ಅಡ್ಡಳತೆ ಸುಮಾರು 1.4 ಮೀಟರ್. ಅಲ್ಲಿಂದ 58 ಮೀಟರಿಗೆ ಬುಧ, ಒಂದು ಜೋಳದ ಕಾಳು. 108 ಮೀಟರಿಗೆ ಶುಕ್ರ, ಒಂದು ಗೋಲಿ. ನಸುಕಿನಲ್ಲೋ ಸಂಜೆಯಲ್ಲೋ ನಾವು ಕಾಣುವ ಬೆಳ್ಳಿ ಇದೇ. 150 ಮೀಟರಿಗೆ ನಮ್ಮ ಭೂಮಿ, ಇನ್ನೊಂದು ಗೋಲಿ. 228 ಮೀಟರಿಗೆ ಮಂಗಳ, ಕಡಲೆ ಕಾಳು. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿದ ಕಬ್ಬಿಣದ ಆಕ್ಸೈಡೇ ಮಂಗಳನನ್ನೂ ಕೆಂಪಾಗಿಸಿದೆ. ನಮ್ಮ ಇಸ್ರೋದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಈ ಕಾಳನ್ನು ಸುತ್ತತೊಡಗಿತು.

ಮುಂದೆ ಬಹಳ ದೂರ ಏನೂ ಇಲ್ಲ. 778 ಮೀಟರಿಗೆ ಗುರು, ತೆಂಗಿನಕಾಯಿ. 1.43 ಕಿ.ಮೀ.ಗೆ ಶನಿ, ಕೊಂಚ ಸಣ್ಣ ಕಾಯಿ. ಬಳೆಗೆ ರಟ್ಟಿನ ತಟ್ಟೆ.

ಆ ತಂದೆ ತಿರುಗಿ ನಿಂತು, "ನಮ್ಮ ಭೂಮಿ ಎಲ್ಲೈತ್ರಿ?" ಎಂದರು. ಗೋಲಿ ಯಾರ ಕಣ್ಣಿಗೂ ಕಾಣಲಿಲ್ಲ.

ಅಲ್ಲೇ ಮರದ ನೆರಳಲ್ಲಿ ಲೆಕ್ಕ ಹಾಕಿದೆವು. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ರಾಶಿಗಳು ಹನ್ನೆರಡು. ಒಂದೊಂದರಲ್ಲಿ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಸಾಡೇಸಾತಿ ಎಂದರೆ ಇಷ್ಟೇ. ಬರಿಗಣ್ಣಿನಿಂದ ನೋಡಿ ಇದನ್ನು ಗುಣಿಸಿದ ನಮ್ಮ ಹಿರಿಯರ ಲೆಕ್ಕ ದೊಡ್ಡದು. ಆದರೆ ಯಾವಾಗ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಅದು ನಡೆಯುತ್ತಲೇ ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಹೆಚ್ಚುಕಡಿಮೆ ಹತ್ತು ಮಂದಿ! ಅವರೆಲ್ಲ ಮನೆಯಲ್ಲಿ ಕೂತರೆ?

ತಂದೆ ಮಾತಾಡಲಿಲ್ಲ. ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿರುಗಿದರು.

1781ರಲ್ಲಿ ಪತ್ತೆಯಾದ ಯುರೇನಸ್ 2.9 ಕಿ.ಮೀ.ಗೆ, 1846ರ ನೆಪ್ಚೂನ್ 4.5 ಕಿ.ಮೀ.ಗೆ, ಎರಡೂ ನಿಂಬೆಹಣ್ಣು. ಬಿಸಿಲೇರಿತ್ತು, ಅಲ್ಲಿಯವರೆಗೆ ಹೋಗಲಿಲ್ಲ. ಪ್ಲೂಟೋವನ್ನು 2006ರಲ್ಲೇ ಕುಬ್ಜಗ್ರಹದ ಸಾಲಿಗೆ ಸೇರಿಸಿದ್ದಾರೆ.

ಹುಡುಗ ಪರೀಕ್ಷೆಗೆ ಕುಳಿತ. ಗಣಿತ ಒಂದು ಉಳಿಯಿತು. ಪೂರಕ ಪರೀಕ್ಷೆಯಲ್ಲಿ ಅದೂ ಪಾಸಾಯಿತು. ಅದು ಉಳಿದದ್ದಕ್ಕೆ ಕಾರಣ ಶನಿಯಲ್ಲ, ಬೀಜಗಣಿತ. ಈ ಮಾತನ್ನು ಅವನ ತಂದೆಯೇ ನನಗೆ ಹೇಳಿದರು.

ಈ ವಾರದ ಲೆಕ್ಕ: ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಜ್ಯೋತಿರ್ವರ್ಷವೆಂದರೆ 9.46 ಲಕ್ಷ ಕೋಟಿ ಕಿ.ಮೀ. ನಮ್ಮ ಅಳತೆಯಲ್ಲಿ ಅಲ್ಲಿಗೆ ಎಷ್ಟು ನಡೆಯಬೇಕು? ಉತ್ತರ ಬಂದ ಮೇಲೆ ಭೂಮಿಯ ಸುತ್ತಳತೆಯ ಜೊತೆ ಹೋಲಿಸಿ ನೋಡಿ. ತಂದೆ ತಾಯಿಯರೂ ಜೊತೆಗೆ ಕುಳಿತುಕೊಳ್ಳಲಿ.