ಎದ್ದು ಬರುವ ಮುನ್ನ ಕೇಳಬೇಕಾದದ್ದು

2025ರ ನವೆಂಬರ್ ಮೊದಲ ವಾರ ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಟನ್ನಿಗೆ ಎಷ್ಟು? ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಶುರುವಾದ ಕಬ್ಬು ಬೆಳೆಗಾರರ ಧರಣಿ ಅಥಣಿ, ರಾಯಬಾಗ, ಚಿಕ್ಕೋಡಿಯ ಕಡೆಗೂ ಹಬ್ಬಿತು. ಮೊದಲು ದರ ಹೇಳಿ, ಆಮೇಲೆ ಕಬ್ಬು ಎಂದರು ರೈತರು. ಅವರು ಕೇಳಿದ್ದು 3,500 ರೂಪಾಯಿ. ನವೆಂಬರ್ 7ರಂದು ಸರ್ಕಾರ 3,300ರ ಮಾತು ಕೊಟ್ಟ ಮೇಲೆ ಗುರ್ಲಾಪುರದ ಜನ ಎದ್ದರು.

ಇಂಥ ರೈತನ ಮಗ ಡಿಪ್ಲೊಮಾ ಮುಗಿಸಿ ಕಾಗಲದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೋ ಪುಣೆಗೋ ಸಂದರ್ಶನಕ್ಕೆ ಹೋಗುತ್ತಾನೆ. ಅರ್ಧ ತಾಸು ಅವರು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ. ಕೊನೆಗೆ, “ನಿಮಗೇನಾದರೂ ಕೇಳೋದು ಇದೆಯಾ?” ಎಂದರೆ, “ಏನೂ ಇಲ್ರಿ ಸರ್” ಎಂದು ಫೈಲು ಎತ್ತಿಕೊಂಡು ಹೊರಗೆ ಬರುತ್ತಾನೆ. ಬೆಲೆ ಗೊತ್ತಾಗದೆ ಕಬ್ಬಿಗೆ ಕುಡಗೋಲು ಹಾಕದವನ ಮಗ ತನ್ನ ದುಡಿಮೆಯನ್ನು ಬೆಲೆ ಕೇಳದೆ ಒಪ್ಪಿಸಿ ಬರುವುದು ಯಾಕೆ?

ನನಗೆ ತೋಚುವ ಕಾರಣವೆಂದರೆ ನಾವು ಸಂದರ್ಶನವನ್ನು ಪರೀಕ್ಷೆ ಎಂದುಕೊಂಡಿದ್ದೇವೆ. ಶಾಲೆ-ಕಾಲೇಜಿನಲ್ಲಿ ಹದಿನೈದು ವರ್ಷ ಗುರುಗಳು ಕೇಳಿದರು, ನಾವು ಹೇಳಿದೆವು. ಮೇಜಿನ ಆಚೆ ಕೂತವರನ್ನೂ ಗುರುಗಳ ಸ್ಥಾನದಲ್ಲಿಯೇ ಕೂರಿಸಿಬಿಡುತ್ತೇವೆ. ಅವರನ್ನು ತಿರುಗಿ ಕೇಳಿದರೆ ಎದುರು ಮಾತಾಡಿದಂತೆ ಎಂಬ ಅಳುಕು. ಆದರೆ ಅಲ್ಲಿ ನಡೆಯುವುದು ವ್ಯವಹಾರ. ಅವರಿಗೆ ಕೆಲಸ ಆಗಬೇಕು, ಇವನಿಗೆ ಪಗಾರ ಬೇಕು. ವ್ಯವಹಾರದಲ್ಲಿ ಒಬ್ಬರೇ ಕೇಳಿ ಇನ್ನೊಬ್ಬರು ಸುಮ್ಮನಿದ್ದರೆ ಸುಮ್ಮನಿದ್ದವರಿಗೇ ನಷ್ಟ. ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಮೊದಲ ನೌಕರಿಗೆ ಸೇರುವಾಗ ನಾನು ಏನನ್ನೂ ಕೇಳಲಿಲ್ಲ. ಸೇರಿದ ದಿನ ಮೂಲ ಅಂಕಪಟ್ಟಿಗಳನ್ನು ಇಸಿದುಕೊಂಡರು. ಎರಡನೇ ವರ್ಷ ಬೇರೆ ಕಡೆ ಒಳ್ಳೆಯ ಅವಕಾಶ ಬಂದಾಗ ಅವು ಕೈಗೆ ಸಿಗಲಿಲ್ಲ, ಅವಕಾಶ ಹೋಯಿತು. “ಪ್ರಮಾಣಪತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ?” ಎಂಬ ಒಂದು ಮಾತು ಮೊದಲೇ ಕೇಳಿದ್ದರೆ ಆ ಎರಡು ವರ್ಷ ನನ್ನವಾಗಿರುತ್ತಿದ್ದವು.

ಏನು ಕೇಳಬೇಕು ಎನ್ನುವುದಕ್ಕೆ ಪೇಟೆಯಲ್ಲಿ ಸಿಗುವ ಕೈಪಿಡಿಗಳು ಚಂದದ ಪ್ರಶ್ನೆಗಳನ್ನು ಹೇಳಿಕೊಡುತ್ತವೆ: ಕಂಪನಿಯ ಮುಂದಿನ ಕನಸೇನು, ಸಂಸ್ಥೆಯ ಮೌಲ್ಯಗಳೇನು. ಇಂಥವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಎದುರಿನವರಿಗೆ ಅದು ಬಾಯಿಪಾಠವೆಂದು ಕೂಡಲೇ ತಿಳಿಯುತ್ತದೆ. ನಮ್ಮ ಹುಡುಗರು ಕೇಳಬೇಕಾದವು ಬೇರೆ ಇವೆ, ಅವು ನಮ್ಮ ಸೀಮೆಯ ನೌಕರಿಗಳ ಒಳಗಿನಿಂದಲೇ ಹುಟ್ಟುತ್ತವೆ.

ಮೊದಲನೆಯದು, ನನ್ನ ಹೆಸರು ಯಾರ ಪಟ್ಟಿಯಲ್ಲಿ ಇರುತ್ತದೆ? ಗೇಟಿನ ಮೇಲೆ ದೊಡ್ಡ ಕಂಪನಿಯ ಹೆಸರು ಇರುತ್ತದೆ, ಪಗಾರ ಕೊಡುವವನು ಗುತ್ತೇದಾರ. ಅಪಘಾತವಾದ ದಿನ, ಪಿಎಫ್ ಜಮೆಯಾಗದ ದಿನ, ಗೇಟಿನ ಹೆಸರು ಕೈಗೆ ಸಿಗುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಗುಂಪು ಕರೆತರುವ ಮುಕಾದಮನ ಮಾತನ್ನು ನಂಬಿ ಊರು ಬಿಟ್ಟು ಬಂದು ಪಡುವ ಪಾಡನ್ನು ನಾವು ಹಂಗಾಮು ಹಂಗಾಮು ನೋಡಿದ್ದೇವೆ. ಓದಿದ ಹುಡುಗನೂ ಅದೇ ಗುಂಡಿಗೆ ಬೀಳಬಾರದು.

ಸಕ್ಕರೆ ಕಾರ್ಖಾನೆಯಾದರೆ ಇನ್ನೊಂದು ಮಾತು. 1939ರಲ್ಲಿ ಸ್ಥಾಪನೆಯಾದ ಕಂಪನಿಯ ಉಗಾರದ ಕಾರ್ಖಾನೆಯಿಂದ ಹಿಡಿದು ಇಂದಿನವರೆಗೆ ನಮ್ಮ ಭಾಗದ ಎಷ್ಟೋ ಮನೆಗಳ ಒಲೆ ಸಕ್ಕರೆಯಿಂದ ಉರಿದಿದೆ. ಆದರೆ ಕಬ್ಬು ನುರಿಸುವುದು ವರ್ಷದಲ್ಲಿ ಕೆಲವೇ ತಿಂಗಳು. “ಹಂಗಾಮ ಮುಗದ ಮ್ಯಾಲ ನಂದೇನ್ರಿ?” ಎಂದು ಕೇಳುವುದರಲ್ಲಿ ನಾಚಿಕೆ ಏನಿದೆ? ಕಾಯಂ ಕೆಲಸವೋ ಹಂಗಾಮಿಯೋ, ಹಂಗಾಮಿಯಾದರೆ ಖಾಲಿ ತಿಂಗಳಲ್ಲಿ ಏನಾದರೂ ಕೊಡುತ್ತಾರೋ, ಮುಂದಿನ ಸಲ ಇವನನ್ನೇ ಕರೆಯುತ್ತಾರೋ. ಇವು ಮನೆಯ ಸಂತೆಯ ಲೆಕ್ಕ.

ಪಗಾರದ ಲೆಕ್ಕವನ್ನೂ ಬಿಡಿಸಿ ಕೇಳಬೇಕು. ತಿಂಗಳಿಗೆ 20,000 ಎನ್ನುತ್ತಾರೆ. ಮೂಲ ವೇತನ 15,000 ಇದ್ದರೆ ಅದರ ಶೇ. 12, ಅಂದರೆ 1,800 ರೂಪಾಯಿ ನೌಕರನ ಪಿಎಫ್ ಪಾಲು. ಮಾಲೀಕರ ಪಾಲೂ ಅಷ್ಟೇ. ಆ ಎರಡನೇ 1,800 ಕೂಡ 20,000ದ ಒಳಗೇ ಸೇರಿದ್ದರೆ ಕೈಗೆ ಬರುವುದು 16,400, ಇಎಸ್‌ಐ ಕಡಿತ ಬೇರೆ. ಪುಣೆಯಲ್ಲಿ ಖೋಲಿ ಬಾಡಿಗೆ ಕಟ್ಟಿ ಊಟ ಮಾಡಬೇಕಾದವನಿಗೆ ಈ ಅಂತರ ಸಣ್ಣದಲ್ಲ. ಗಡಿ ದಾಟಿ ಮಿರಜಕ್ಕೆ ದುಡಿಯಲು ಹೋಗುವ ಕಾಗವಾಡದವರಿಗೆ ಅನ್ವಯಿಸುವುದು ಮಹಾರಾಷ್ಟ್ರದ ಕನಿಷ್ಠ ವೇತನ ಎಂಬುದೂ ಗೊತ್ತಿರಲಿ.

ಕೆಲಸದ ಬಗೆಗೆ ಎರಡೇ ಪ್ರಶ್ನೆ ಸಾಕು. ಈ ಜಾಗ ಯಾಕೆ ಖಾಲಿಯಾಯಿತು? ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನಾಗಬೇಕು? ಮೊದಲನೆಯದಕ್ಕೆ ಅವರು ಉತ್ತರಿಸುವ ರೀತಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಎರಡನೆಯದು ಕೇಳುವವನ ಆಸ್ಥೆಯನ್ನೂ ತೋರಿಸುತ್ತದೆ. ಇವನ್ನು ಮೊದಲು ಕೇಳಿ, ಹಣದ ಮಾತು ಆಮೇಲೆ. ಹೆಣ್ಣುಮಕ್ಕಳು ಮಾತ್ರ ಒಂದನ್ನು ತಪ್ಪದೆ ಕೇಳಬೇಕು: ಎರಡನೇ ಪಾಳಿ ಬಿಟ್ಟ ಮೇಲೆ ಗಾಡಿಯ ವ್ಯವಸ್ಥೆ ಯಾರದು?

ಒಂದು ಜಾಗಕ್ಕೆ ನೂರು ಜನ ನಿಂತಿರುವಾಗ ಕೇಳಿದವನನ್ನು ಬಿಟ್ಟು ಕೇಳದವನನ್ನು ತೆಗೆದುಕೊಳ್ಳುವುದಿಲ್ಲವೇ ಎಂದು ತಂದೆತಾಯಿಯರು ಕೇಳುತ್ತಾರೆ. ಹಾಗೆ ಆಗುವುದುಂಟು, ನಾನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಸಾಲ ಇರುವ ಹುಡುಗನಿಗೆ ಎಲ್ಲವನ್ನೂ ಕೇಳು ಎಂದು ಹೇಳುವ ಧೈರ್ಯ ನನಗೂ ಇಲ್ಲ. ಆದರೆ ನಿಪ್ಪಾಣಿಯ ತಂಬಾಕು ವಖಾರಿಗಳ ಹೆಂಗಸರಿಗೆ ಇದಕ್ಕಿಂತ ಹೆಚ್ಚಿನ ಆಯ್ಕೆ ಇತ್ತೇ? ದೂಳಿನಲ್ಲಿ ಕೂತು ತಂಬಾಕು ಹಸನು ಮಾಡುತ್ತಿದ್ದ, ಬಹುಪಾಲು ಅಕ್ಷರ ಕಲಿಯದ ಆ ತಾಯಂದಿರು ಸಂಘ ಕಟ್ಟಿ ಕೂಲಿಯ ಬಗ್ಗೆ, ದುಡಿಮೆಯ ತಾಸುಗಳ ಬಗ್ಗೆ ಮಾಲೀಕರನ್ನು ಕೇಳಿದರು. ನಿರ್ದೇಶಕಿ ದೀಪಾ ಧನರಾಜ್ ಮತ್ತು ಯುಗಾಂತರ್ ಚಿತ್ರತಂಡದವರು 1982ರಲ್ಲಿ ಈ ಹೆಂಗಸರ ಬಗ್ಗೆಯೇ ಒಂದು ಚಲನಚಿತ್ರ ಮಾಡಿದರು. ಆ ಹೆಂಗಸರು ಒಬ್ಬೊಬ್ಬರೇ ಕೇಳಲಿಲ್ಲ, ಕೂಡಿ ಕೇಳಿದರು. ನಮ್ಮ ಕಾಲೇಜುಗಳ ಕ್ಯಾಂಪಸ್ ಸಂದರ್ಶನದಲ್ಲೂ ಅದು ಆಗಬಹುದು. ಬಾಂಡ್ ಇದೆಯೇ, ಮೂಲ ಪತ್ರ ಇಟ್ಟುಕೊಳ್ಳುತ್ತೀರಾ, ನೇಮಕ ಯಾರ ಹೆಸರಲ್ಲಿ ಎಂಬುದನ್ನು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಅಧ್ಯಾಪಕರೇ ಎಲ್ಲ ವಿದ್ಯಾರ್ಥಿಗಳ ಪರವಾಗಿ ಮೊದಲೇ ಕೇಳಿ ಫಲಕದ ಮೇಲೆ ಬರೆಯಲಿ. ಒಬ್ಬ ಹುಡುಗನ ಮೇಲೆ ಯಾರೂ ಸಿಟ್ಟು ಮಾಡುವ ಪ್ರಸಂಗವೇ ಬರುವುದಿಲ್ಲ.

ಅಷ್ಟೂ ಆಗದವರಿಗೆ ಒಂದು ಮಾತು ಉಳಿದಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ, ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ ಎಂದು ಅವು ಹೇಳುತ್ತವೆ. ಕುರ್ಚಿಯಿಂದ ಏಳುವ ಮುನ್ನ, ದನಿ ತಗ್ಗಿಸಿಯೇ ಆದರೂ, “ನೇಮಕಾತಿ ಪತ್ರ ಯಾವಾಗ ಕೊಡ್ತೀರಿ ಸರ್?” ಎಂದು ಕೇಳಿ ಬನ್ನಿ.