ನಿಂತುಹೋದ ಪಾಠಗಳು

ಊರಿನ ಬಾವಿಯ ರಾಟೆ ಕಿರುಗುಟ್ಟಿದರೆ ಯಾರೂ ಬಾವಿಯನ್ನು ಮುಚ್ಚಿಸುವುದಿಲ್ಲ. ರಾಟೆಗೆ ಎಣ್ಣೆ ಬಿಟ್ಟು, ಹಗ್ಗ ಸವೆದಿದೆಯೇ ಎಂದು ನೋಡಿ, ಮತ್ತೆ ನೀರು ಸೇದುತ್ತಾರೆ. ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ಮಾತ್ರ ಈ ವಿವೇಕ ಕಾಣುವುದು ಅಪರೂಪ. ಹಿಂದೊಮ್ಮೆ ಹಣ ಕೊಟ್ಟು ತಂದ, ಗ್ರಹಗಳ ಚಲನೆಯನ್ನೋ ಕಪ್ಪೆಯ ಅಂಗರಚನೆಯನ್ನೋ ಕಲಿಸುವ ಪಾಠ-ತಂತ್ರಾಂಶವೊಂದು ತೆರೆಯದೆ ಹೋದರೆ, 'ಅದು ಹಳೆಯದಾಯಿತು' ಎಂಬ ಒಂದೇ ಮಾತಿನಲ್ಲಿ ಅದರ ಕಥೆ ಮುಗಿದುಹೋಗುತ್ತದೆ. ಹಳೆಯದಾಗುವುದು ಒಂದು ಕಾರಣವೇ ಅಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಆದರೆ ತಂತ್ರಾಂಶವೆಂಬುದು ಆದೇಶಗಳ ಸರಣಿ. ಅದನ್ನು ಹೊತ್ತ ಸಿ.ಡಿ. ಗೀಚಿಹೋಗಿದ್ದರೆ ಆ ಮಾತು ಬೇರೆ. ಇಲ್ಲವಾದರೆ, ಬರೆದ ದಿನ ಅದು ಏನನ್ನು ಹೇಳಿತೋ ಇಂದೂ ಅದನ್ನೇ ಹೇಳುತ್ತದೆ. ಬದಲಾದುದು ಅದರ ಸುತ್ತಲಿನ ಲೋಕ.

ಪರದೆಯ ಮೇಲೆ ಚಿತ್ರ ಮೂಡಿಸಲು, ಧ್ವನಿ ಹೊರಡಿಸಲು, ಕಡತವನ್ನು ತೆರೆಯಲು ಇಂಥ ತಂತ್ರಾಂಶವು ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆಯ ಮೊರೆಹೋಗುತ್ತದೆ. ಕೇಳುವ ರೀತಿಯೂ ಕೊಡುವ ರೀತಿಯೂ ಹೊಂದಿಕೊಂಡಿರುವವರೆಗೆ ಪಾಠ ಸುಗಮವಾಗಿ ನಡೆಯುತ್ತದೆ. ವಿಂಡೋಸ್ 95 ಮತ್ತು ವಿಂಡೋಸ್ 98ರ ಕಾಲದ ಎಷ್ಟೋ ಪಾಠಗಳು ಪರದೆಯನ್ನು 256 ಬಣ್ಣಗಳಿಗೆ ಹೊಂದಿಸಿರಬೇಕೆಂದು ಬಯಸುತ್ತಿದ್ದವು. ಛಾಯಾಚಿತ್ರಗಳು ಅಂದವಾಗಿ ಕಾಣಲೆಂದು ಯಾರೋ ಬಣ್ಣಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಮರುದಿನ ಪಾಠ ಮುನಿಸಿಕೊಳ್ಳುತ್ತಿತ್ತು. ಇದಕ್ಕಿಂತ ತೊಡಕಿನ ಸಂಗತಿಯೂ ಇತ್ತು. ಆ ವ್ಯವಸ್ಥೆಗಳಲ್ಲಿ ಹಲವು ತಂತ್ರಾಂಶಗಳು ಕೆಲವು ಕಡತಗಳನ್ನು ಹಂಚಿಕೊಂಡು ಬಳಸುತ್ತಿದ್ದವು. ಹೊಸದಾಗಿ ಅಳವಡಿಸಿದ ಭೂಗೋಳದ ಪಾಠವೊಂದು ಅಂಥ ಕಡತದ ಜಾಗದಲ್ಲಿ ತನ್ನೊಡನೆ ತಂದ ಬೇರೆ ಪ್ರತಿಯನ್ನು ಇಟ್ಟುಬಿಟ್ಟರೆ, ನಿನ್ನೆಯವರೆಗೆ ಚೆನ್ನಾಗಿದ್ದ ಗಣಿತದ ಪಾಠ ನಿಂತುಹೋಗುತ್ತಿತ್ತು. ಗಣಿತದ ಪಾಠವನ್ನು ಎಷ್ಟು ಶೋಧಿಸಿದರೂ ದೋಷ ಸಿಗದು, ಅದು ಅಲ್ಲಿಲ್ಲ. ನೆರೆಮನೆಯ ನೆಂಟರು ಬಾವಿಯ ಹಗ್ಗವನ್ನು ಬದಲಾಯಿಸಿ ಹೋದಂತೆ ಅದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಣಕಯಂತ್ರದ ವಿಷಯದಲ್ಲಿ ನೆಲವು ನಿಜವಾಗಿಯೂ ಡೊಂಕಾಗಿರುವುದುಂಟು. 1992ರಲ್ಲಿ ಹೊರಬಂದ ಟರ್ಬೊ ಪ್ಯಾಸ್ಕಲ್‌ನ 7ನೇ ಆವೃತ್ತಿಯಿಂದ ರಚಿಸಿದ ಅನೇಕ ತಂತ್ರಾಂಶಗಳು ಆರಂಭದಲ್ಲಿಯೇ ಯಂತ್ರದ ವೇಗವನ್ನು ಅಳೆದುಕೊಳ್ಳುತ್ತಿದ್ದವು. ಒಂದು ಕ್ಷಣದ ತುಣುಕಿನಲ್ಲಿ ಯಂತ್ರವು ಎಷ್ಟು ಸುತ್ತು ಎಣಿಸಬಲ್ಲುದೆಂದು ನೋಡಿ, ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತಿದ್ದವು. ಭಾಗಲಬ್ಧವು 65,535ನ್ನು ಮೀರದೆಂದು ಬರೆದವರು ನಂಬಿದ್ದರು. ಯಂತ್ರಗಳ ವೇಗ 200 ಮೆಗಾಹರ್ಟ್ಸ್‌ನ ಆಸುಪಾಸಿಗೆ ಏರಿದಾಗ ಅದು ಮೀರಿತು. ತಂತ್ರಾಂಶವು ತೆರೆಯುವ ಮೊದಲೇ, 'ಸೊನ್ನೆಯಿಂದ ಭಾಗಿಸಲಾಗಿದೆ' ಎಂಬ ಅರ್ಥದ 200ನೇ ದೋಷವನ್ನು ಸಾರಿ ನಿಂತಿತು. ಯಾರೂ ಸೊನ್ನೆಯಿಂದ ಭಾಗಿಸಿರಲಿಲ್ಲ. ಉತ್ತರ ಹಿಡಿಸಲಾರದಷ್ಟು ದೊಡ್ಡದಾದಾಗಲೂ ಸಂಸ್ಕಾರಕವು ಕೊಡುವ ಸೂಚನೆ ಅದೊಂದೇ. ಯಂತ್ರ ಕೆಟ್ಟಿರಲಿಲ್ಲ, ಉತ್ತಮವಾಗಿತ್ತು. ಉತ್ತಮವಾದುದೇ ತೊಂದರೆಗೆ ಕಾರಣವಾಯಿತು! ಹೀಗೆಯೇ, ತಟ್ಟೆಯಲ್ಲಿ ಎರಡು ಗಿಗಾಬೈಟಿಗಿಂತ ಹೆಚ್ಚು ಖಾಲಿ ಜಾಗವಿದ್ದಾಗ ಆ ಸಂಖ್ಯೆಯನ್ನು ಋಣಸಂಖ್ಯೆಯೆಂದು ಓದಿ, 'ಜಾಗ ಸಾಲದು' ಎಂದು ದೂರುವ ಹಳೆಯ ತಂತ್ರಾಂಶಗಳೂ ಇದ್ದವು.

ಆದುದರಿಂದ ದೋಷಸೂಚನೆಯನ್ನು ಅಕ್ಷರಶಃ ಬರೆದುಕೊಳ್ಳಬೇಕು, ಆದರೆ ಅದನ್ನು ಪೂರ್ತಿಯಾಗಿ ನಂಬಬಾರದು. ಕನ್ನಡದ ಶಿಕ್ಷಕರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಬೆರಳಚ್ಚಿಸಿದ ಪ್ರಶ್ನಪತ್ರಿಕೆಯನ್ನು ಆಗಿನ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಕಡತ ಹಾಳಾಯಿತೆಂದು ಅಳಿಸಿದವರು ಎಷ್ಟೋ ಮಂದಿ. ಕಡತದಲ್ಲಿ ಒಂದಕ್ಷರವೂ ಕೆಟ್ಟಿರುವುದಿಲ್ಲ; ತಕ್ಕ ಅಕ್ಷರಶೈಲಿಯನ್ನು ಅಳವಡಿಸಿದೊಡನೆ ಪ್ರಶ್ನೆಗಳು ಮೊದಲಿನಂತೆ ಎದ್ದು ಬರುತ್ತವೆ.

ಕಾರಣವನ್ನು ಹುಡುಕುವವನು ಮೊದಲು ಸಿ.ಡಿ.ಯ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳುತ್ತಾನೆ. ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಟ್ಟು, ಪ್ರಯೋಜನವಾಗದಿದ್ದರೆ ಮೊದಲಿನ ಸ್ಥಿತಿಗೆ ತಂದು ಮುಂದುವರಿಯುತ್ತಾನೆ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನ ಯಂತ್ರ ಸರಿಹೋದರೂ ಅವನಿಗೆ ಏನೂ ತಿಳಿದಂತಾಗಲಿಲ್ಲ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ಕಲಿಸುವುದೂ ಇದನ್ನೇ ಅಲ್ಲವೆ? 1967ರಲ್ಲಿ ಮಕ್ಕಳಿಗಾಗಿ ಲೋಗೊ ಎಂಬ ಗಣಕಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪೇಪರ್ಟ್ ಅವರು 1980ರ ತಮ್ಮ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದಲ್ಲಿ, ತಪ್ಪನ್ನು ಕಂಡು ಅಂಜದೆ ಅದನ್ನು ಸರಿಪಡಿಸಲಾದೀತೇ ಎಂದು ಕೇಳುವ ಮನೋಭಾವವೇ ಗಣಕಯಂತ್ರವು ಮಗುವಿಗೆ ಕೊಡಬಲ್ಲ ದೊಡ್ಡ ಕೊಡುಗೆಯೆಂದು ವಾದಿಸಿದರು. ಕಪ್ಪೆಯ ಪಾಠ ಕಲಿಸುವುದಕ್ಕಿಂತ ಹೆಚ್ಚನ್ನು ಆ ಪಾಠ ನಿಂತುದೇಕೆಂಬ ಪ್ರಶ್ನೆ ಕಲಿಸಬಹುದು.

ನಲವತ್ತು ನಿಮಿಷದ ತರಗತಿಯಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಶಿಕ್ಷಕರು ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಹಳೆಯ ಪಾಠಗಳೆಲ್ಲವೂ ಉಳಿಸತಕ್ಕವುಗಳೂ ಅಲ್ಲ. ಸರಿ ಉತ್ತರಕ್ಕೆ ಗಂಟೆ ಬಾರಿಸುವುದರ ಹೊರತು ಬೇರೇನನ್ನೂ ಮಾಡದವು ಹಲವಿದ್ದವು. ತಯಾರಕರ ರಕ್ಷಣೆ ನಿಂತುಹೋದ ವ್ಯವಸ್ಥೆಯನ್ನು, ಉದಾಹರಣೆಗೆ 2014ರ ಏಪ್ರಿಲ್‌ನಲ್ಲಿ ಆಸರೆ ಕಳೆದುಕೊಂಡ ವಿಂಡೋಸ್ ಎಕ್ಸ್‌ಪಿಯನ್ನು, ಅಂತರ್ಜಾಲಕ್ಕೆ ಜೋಡಿಸುವುದು ಅಪಾಯಕರ. ಆದರೆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಡಾಸ್‌ಬಾಕ್ಸ್‌ನಂಥ ತಂತ್ರಾಂಶಗಳು ಹೊಸ ಯಂತ್ರದಲ್ಲಿ ದೊರೆಯುವಾಗ, ಕಾರಣ ಕೇಳದೆ ಒಳ್ಳೆಯ ಪಾಠವನ್ನು ಎಸೆಯುವುದು ಸೋಮಾರಿತನವಲ್ಲದೆ ಬೇರೆಯಲ್ಲ.

ಎಸೆದಿದ್ದರೆ ಏನಾಗುತ್ತಿತ್ತೆಂಬುದನ್ನು ಇಂಗ್ಲೆಂಡಿನ ಒಂದು ಪ್ರಸಂಗ ತೋರಿಸುತ್ತದೆ. 1086ರಲ್ಲಿ ಅಲ್ಲಿನ ಅರಸನು ಮಾಡಿಸಿದ ಭೂಮಿಯ ಲೆಕ್ಕದ 'ಡೂಮ್ಸ್‌ಡೇ' ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ ಬಿಬಿಸಿಯು ಹೊಸ ಡೂಮ್ಸ್‌ಡೇ ಒಂದನ್ನು ಸಿದ್ಧಪಡಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರಿನ ಅಂಗಡಿ, ಆಟ, ಊಟಗಳ ವಿಷಯ ಬರೆದು ಕಳುಹಿಸಿದರು. ಅವೆಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಿ, ಬಿಬಿಸಿ ಮಾಸ್ಟರ್ ಎಂಬ ಗಣಕಯಂತ್ರದಿಂದ ಓದುವಂತೆ ಮಾಡಲಾಯಿತು. (ಇದೇ ಮನೆತನದ ಬಿಬಿಸಿ ಮೈಕ್ರೊ ಯಂತ್ರಗಳಿಂದಲೇ ಭಾರತದ ಶಾಲೆಗಳಲ್ಲಿ 1984ರ 'ಕ್ಲಾಸ್' ಯೋಜನೆ ಆರಂಭವಾದದ್ದು.) ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳು ಸಿಗುವುದೇ ದುರ್ಲಭವಾಯಿತು. ಚರ್ಮದ ಹಾಳೆಯ ಮೂಲ ಪುಸ್ತಕವಾದರೋ ಯಾವ ಯಂತ್ರದ ಹಂಗೂ ಇಲ್ಲದೆ ಓದಲು ಸಿಗುತ್ತಿತ್ತು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವನ್ನು ರಚಿಸಿ, 2002ರಲ್ಲಿ ಅದರ ಮೇಲೆ ಡೂಮ್ಸ್‌ಡೇಯನ್ನು ನಡೆಸಿ ತೋರಿಸಿದರು. 2011ರಲ್ಲಿ ಬಿಬಿಸಿಯು ಊರುಗಳ ಆ ಬರಹಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಹತ್ತು ವರ್ಷದವರಿದ್ದಾಗ ಅವನ್ನು ಬರೆದ ಮಕ್ಕಳಿಗೆ ಆ ವೇಳೆಗೆ ಮೂವತ್ತೈದು ತುಂಬಿತ್ತು.