ಪೆನ್‌ಡ್ರೈವ್ ಬಿಡಿ, ಎರಡು ಪಟ್ಟಿ ಹಿಡಿಯಿರಿ

ಭೌತಶಾಸ್ತ್ರದ ಒಂದು ಪಾಠಕ್ಕೆ ಮಲಯಾಳದಲ್ಲಿ ಟಿಪ್ಪಣಿ ಬೇಕಾದರೆ ಹತ್ತು ಕಡೆ ಸಿಗುತ್ತದೆ. ಕನ್ನಡದಲ್ಲಿ ಬೇಕಾದರೆ ಹೆಚ್ಚಾಗಿ ನೀವೇ ಕೂತು ಟೈಪ್ ಮಾಡಬೇಕು. ಹಾಗೆ ಮಾಡಿದ್ದೆಲ್ಲ ಈಗ ಎಲ್ಲಿದೆ? ಯಾರದೋ ಪೆನ್‌ಡ್ರೈವಿನಲ್ಲಿ, ವಾಟ್ಸ್‌ಆಪ್‌ನ ತಳದಲ್ಲಿ. ಅಧ್ಯಾಪಕರಿಗೆ ವರ್ಗವಾದರೆ ಅದೂ ಹೋಯಿತು. ಲ್ಯಾಬಿನ ಒಂದು ಹಳೆ ಕಂಪ್ಯೂಟರನ್ನೇ ಸರ್ವರ್ ಮಾಡಿ ಎಲ್ಲವನ್ನೂ ಅಲ್ಲಿಡಿ ಅಂದರೆ, "ಅದೆಲ್ಲ ನಮ್ಮಿಂದ ಆಗುವುದಾ ಮಾಷ್ಟ್ರೇ?" ಅಂತೀರಿ. ಆಗುತ್ತದೆ. ಅದಕ್ಕೆ ಮಿಡ್‌ನೈಟ್ ಕಮಾಂಡರ್ ಧಾರಾಳ ಸಾಕು.

1994ರಲ್ಲಿ ಮಿಗೆಲ್ ಡಿ ಇಕಾಜಾ ಆರಂಭಿಸಿದ ಸ್ವತಂತ್ರ ತಂತ್ರಾಂಶವಿದು. ಡಾಸ್ ಕಾಲದ ನಾರ್ಟನ್ ಕಮಾಂಡರ್ ಕಂಡವರಿಗೆ ಕೂಡಲೇ ಗುರುತು ಸಿಗುತ್ತದೆ. ಚಿತ್ರವಿಲ್ಲ, ಅಕ್ಕಪಕ್ಕ ಅಕ್ಷರದ ಎರಡು ಪಟ್ಟಿ ಮಾತ್ರ. ಟ್ಯಾಬ್ ಒತ್ತಿದರೆ ಆಚೆ ಪಟ್ಟಿ, ಎಫ್5 ಒತ್ತಿದರೆ ನಕಲು. ನಮ್ಮ ಲ್ಯಾಬುಗಳ ಕೈಟ್ ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ್ದು. ಹಾಗಾಗಿ ಸ್ಥಾಪಿಸಲು ಟರ್ಮಿನಲ್‌ನಲ್ಲಿ ಒಂದೇ ಸಾಲು.

ಇನ್ನು ದೂರದ ಕಂಪ್ಯೂಟರ್. ಎಫ್9 ಒತ್ತಿ, ಎಡ ಅಥವಾ ಬಲ ಮೆನುವಿನಲ್ಲಿ 'ಶೆಲ್ ಲಿಂಕ್' ಆರಿಸಿ, ಬಳಕೆದಾರರ ಹೆಸರು, ಆ್ಯಟ್ ಚಿಹ್ನೆ, ಸರ್ವರಿನ ವಿಳಾಸ ಕೊಡಿ. ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಆ ಪಟ್ಟಿ ಸರ್ವರಿನದಾಯಿತು. ಆಚೆ ಬದಿಯಲ್ಲಿ ಮಿಡ್‌ನೈಟ್ ಕಮಾಂಡರ್ ಬೇಕಾಗಿಲ್ಲ, ಓಪನ್ ಎಸ್‌ಎಸ್‌ಎಚ್ ಸರ್ವರ್ ಇದ್ದರೆ ಆಯ್ತು. ಮೆನುವಿನಲ್ಲಿ ಎಫ್‌ಟಿಪಿಯೂ ಇದೆ. ಅದು ಬೇಡ. ಪಾಸ್‌ವರ್ಡನ್ನು ಮುಚ್ಚದೆ ಕಳಿಸುತ್ತದೆ, ನಮ್ಮ ಮಕ್ಕಳು ಬೇರೆ ಜಾಣರು!

ಮಕ್ಕಳನ್ನೂ ಇದರ ಮುಂದೆ ಕೂರಿಸಿ. ಸರ್ವರ್ ಅಂದರೆ ಎಲ್ಲೋ ಮೋಡದಲ್ಲಿರುವುದು ಅಂತ ಅವರ ಎಣಿಕೆ. ಎಡಗಡೆ ತಮ್ಮ ಕಂಪ್ಯೂಟರ್, ಬಲಗಡೆ ಮೂಲೆಯಲ್ಲಿರುವ ಆ ಹಳೆ ಪೆಟ್ಟಿಗೆ, ನಡುವೆ ಒಂದು ಕೇಬಲ್: ಇದಕ್ಕಿಂತ ಸ್ಪಷ್ಟವಾಗಿ ನೆಟ್‌ವರ್ಕ್ ಪಾಠ ಮಾಡುವುದು ಹೇಗೆ, ನನಗಂತೂ ಗೊತ್ತಿಲ್ಲ.

ಫೈಲಿನ ಹೆಸರಿಗೆ ಬಾಲವೊಂದಿರುತ್ತದಲ್ಲ, ಪಿಡಿಎಫ್, ಒಡಿಟಿ ಅಂತ, ಅದೇ ಎಕ್ಸ್‌ಟೆನ್ಷನ್. ಯಾವ ಬಾಲಕ್ಕೆ ಯಾವ ತಂತ್ರಾಂಶ ತೆರೆಯಬೇಕು ಎಂಬುದು ಕಮಾಂಡ್ ಮೆನುವಿನ 'ಎಡಿಟ್ ಎಕ್ಸ್‌ಟೆನ್ಷನ್ ಫೈಲ್'ನಲ್ಲಿ ಬರೆದಿದೆ. ಬರೀ ಪಠ್ಯ, ನೀವೇ ತಿದ್ದಬಹುದು. ಒಂದು ಫೈಲಿಗೆ ಎರಡು ನಿಯಮ ಹೊಂದಿದರೆ ಮೇಲಿನದೇ ಗೆಲ್ಲುತ್ತದೆ. ಜಿಪ್ ಫೈಲಿನ ಮೇಲೆ ಎಂಟರ್ ಒತ್ತಿದರೆ ಅದು ಫೋಲ್ಡರಿನಂತೆ ತೆರೆಯುವುದೂ ಇಲ್ಲಿನ ನಿಯಮದಿಂದಲೇ.

ತೊಂದರೆಗಳಿಲ್ಲವೆಂದಲ್ಲ. ಎಫ್8 ಒತ್ತಿ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ, ಅಳಿದೇ ಹೋಗುತ್ತದೆ. ಆದ್ದರಿಂದ ಮಕ್ಕಳ ಖಾತೆಗೆ ಓದುವ ಅನುಮತಿ ಮಾತ್ರ ಇರಲಿ. ಕನ್ನಡದ ಹೆಸರಿಟ್ಟ ಫೈಲುಗಳ ಒತ್ತಕ್ಷರ ಕೆಲವು ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತದೆ. ಗಾಬರಿ ಬೇಡ, ಫೈಲ್ ಸರಿಯಾಗಿಯೇ ಇರುತ್ತದೆ. ಹೊರಬರಲು ಎಫ್10 ಒತ್ತಿದಾಗ ಟರ್ಮಿನಲ್‌ನದೇ ಮೆನು ತೆರೆದುಕೊಂಡರೆ, ಎಸ್ಕೇಪ್ ಒತ್ತಿ ಬಿಟ್ಟು, ಸೊನ್ನೆ ಒತ್ತಿ.